ಭೂಕಂಪವಾದಾಗ ನೆಲ ಬಿರಿದು ನೀರು ಉಕ್ಕುವುದು ನಿಜವೇ? ಬೆಂಗಳೂರಿನಲ್ಲೂ ಹಾಗಾಗುತ್ತದೆಯೇ?

ಎಲ್ಲೋ ಒಂದು ದೊಡ್ಡ ಭೂಕಂಪವಾದರೆ ಸಾಕು, ಮರುದಿನ ‘ಗುಡ್ ಮಾರ್ನಿಂಗ್’ ಸಂದೇಶಗಳ ನಡುವೆ ಒಂದು ವಿಡಿಯೊ ಬಂದು ಬೀಳುತ್ತದೆ. ಗದ್ದೆಯ ನಡುವೆ ನೆಲ ಸೀಳಿದೆ. ಸೀಳಿನಿಂದ ಬೂದು ಬಣ್ಣದ ಕೆಸರು ನೀರು ಗುಳುಗುಳು ಎಂದು ಉಕ್ಕುತ್ತಿದೆ. ಒಂದು ಗ್ರೂಪಿನಲ್ಲಿ ಅದರ ಕೆಳಗೆ ‘ಪ್ರಳಯ ಶುರುವಾಯಿತು’ ಎಂದಿರುತ್ತದೆ, ಇನ್ನೊಂದರಲ್ಲಿ ‘ಗಂಗೆ ಪ್ರತ್ಯಕ್ಷಳಾದಳು’ ಎಂದಿರುತ್ತದೆ. ಗ್ರೂಪಿನಲ್ಲಿ ಒಬ್ಬರಾದರೂ ‘ಇದೆಲ್ಲ ಎಡಿಟಿಂಗ್’ ಎಂದು ತಳ್ಳಿಹಾಕುತ್ತಾರೆ. ಇಂಥ ವಿಡಿಯೊಗೆ ಊರಿನ ಹೆಸರು ಬದಲಿಸಿ ‘ಇದು ನಿನ್ನೆ ಹೆಬ್ಬಾಳದಲ್ಲಿ’ ಎಂದು ಬರೆಯಲು ಅರ್ಧ ನಿಮಿಷವೂ ಬೇಡ.

ಈ ಮೂರು ಮಾತುಗಳಲ್ಲಿ ಯಾವುದೂ ಸರಿಯಲ್ಲ. ಭೂಕಂಪದಿಂದ ನೆಲದಡಿಯ ನೀರು ಬಿರುಕುಗಳ ಮೂಲಕ ಮೇಲೆ ಬರುವುದು ನಿಜ. ಆದರೆ ಅದಕ್ಕೆ ಕೆಲವು ಷರತ್ತುಗಳಿವೆ. ಆ ಷರತ್ತುಗಳನ್ನು ತಿಳಿದುಕೊಂಡರೆ ಯಾವ ವಿಡಿಯೊ ನಂಬಬೇಕು, ಯಾವುದನ್ನು ಬಿಡಬೇಕು ಎಂಬುದು ಗೊತ್ತಾಗುತ್ತದೆ. ನಿಮ್ಮ ಬೀದಿಯಲ್ಲಿ ನೀರು ಉಕ್ಕಿದಾಗ ಯಾರಿಗೆ ಫೋನ್ ಮಾಡಬೇಕು ಎಂಬುದೂ ತಿಳಿಯುತ್ತದೆ.

ಚುಟುಕಾಗಿ ಹೇಳುವುದಾದರೆ:

- ಸಡಿಲ ಮರಳು, ನೆಲಕ್ಕೆ ಹತ್ತಿರದಲ್ಲೇ ಇರುವ ಅಂತರ್ಜಲ, ಜೋರಾದ ನಡುಕ – ಈ ಮೂರೂ ಸೇರಿದರೆ ನೆಲದಿಂದ ನೀರು ಮತ್ತು ಮರಳು ಉಕ್ಕುತ್ತದೆ.
- ಬೆಂಗಳೂರಿನ ಬಹುಭಾಗದಲ್ಲಿ ಈ ಮೂರೂ ಇಲ್ಲ.
- ನಮ್ಮ ಕಡೆ ರಸ್ತೆಯಲ್ಲಿ ನೀರು ಚಿಮ್ಮಿದರೆ ಮೊದಲು ಅನುಮಾನಿಸಬೇಕಾದದ್ದು ಒಡೆದ ಪೈಪನ್ನು, ಭೂಕಂಪವನ್ನಲ್ಲ.

ನೀರು ಮೇಲೆ ಬರುವುದು ಹೇಗೆ?

ರಾಗಿಯನ್ನು ಸೇರಿನಲ್ಲಿ ಅಳೆಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸೇರಿನ ತುಂಬ ರಾಗಿ ಸುರಿದು ಒಮ್ಮೆ ಕುಲುಕಿದರೆ ರಾಗಿ ತಗ್ಗುತ್ತದೆ, ಇನ್ನೊಂದು ಹಿಡಿ ಹಿಡಿಸುತ್ತದೆ. ಕಾಳುಗಳ ನಡುವೆ ಇದ್ದ ಖಾಲಿ ಜಾಗ ಕುಲುಕಿದಾಗ ಕಡಿಮೆಯಾಗುವುದೇ ಇದಕ್ಕೆ ಕಾರಣ.

ಈಗ ರಾಗಿಯ ಬದಲು ಮರಳನ್ನು ಊಹಿಸಿಕೊಳ್ಳಿ. ನದಿ ಬಯಲಿನಲ್ಲಿ, ಕಡಲ ತೀರದಲ್ಲಿ ನೆಲದಡಿ ಸಡಿಲವಾದ ಮರಳಿನ ಪದರ ಇರುತ್ತದೆ. ಆ ಕಣಗಳ ನಡುವಿನ ಜಾಗದಲ್ಲಿ ಗಾಳಿಯ ಬದಲು ನೀರು ತುಂಬಿರುತ್ತದೆ. ಭೂಕಂಪ ಆ ಪದರವನ್ನು ಕುಲುಕಿದಾಗ ಮರಳು ಒತ್ತಾಗಿ ಕೂರಲು ನೋಡುತ್ತದೆ. ಆದರೆ ನಡುವೆ ಇರುವ ನೀರು ಎಲ್ಲಿಗೆ ಹೋಗಬೇಕು? ಅಷ್ಟು ಬೇಗ ಹರಿದುಹೋಗಲು ಅದಕ್ಕೆ ದಾರಿ ಇಲ್ಲ. ಹಾಗಾಗಿ ನೀರಿನ ಒತ್ತಡ ಏರುತ್ತದೆ. ಒತ್ತಡ ಏರುತ್ತಾ ಏರುತ್ತಾ, ಕಣಗಳು ಒಂದಕ್ಕೊಂದು ಊರಿಕೊಂಡು ನಿಲ್ಲುವುದನ್ನೇ ಬಿಟ್ಟು ನೀರಿನಲ್ಲಿ ತೇಲಿದಂತಾಗುತ್ತವೆ. ಆಗ ಗಟ್ಟಿ ನೆಲ ಸ್ವಲ್ಪ ಹೊತ್ತು ಅಂಬಲಿಯ ಹಾಗೆ ವರ್ತಿಸುತ್ತದೆ. ವಿಜ್ಞಾನಿಗಳು ಇದನ್ನು ‘ಲಿಕ್ವಿಫ್ಯಾಕ್ಷನ್’, ಅಂದರೆ ಮಣ್ಣಿನ ದ್ರವೀಕರಣ ಎನ್ನುತ್ತಾರೆ.

ಒತ್ತಡಕ್ಕೆ ಸಿಕ್ಕಿದ ನೀರು ಮೇಲಿನ ಪದರದಲ್ಲಿ ಎಲ್ಲಿ ಬಿರುಕು ಇದೆಯೋ ಅಲ್ಲಿಂದ ಹೊರನುಗ್ಗುತ್ತದೆ. ಜೊತೆಗೆ ಮರಳನ್ನೂ ಹೊತ್ತು ತರುತ್ತದೆ. ನೀರು ಇಂಗಿದ ಮೇಲೆ ಅಲ್ಲಿ ಪುಟ್ಟ ಜ್ವಾಲಾಮುಖಿಯ ಆಕಾರದ ಮರಳಿನ ಗುಪ್ಪೆ ಉಳಿಯುತ್ತದೆ. ಕೆಲವೊಮ್ಮೆ ನಡುಕ ನಿಂತ ಮೇಲೂ ನೀರು ಬರುತ್ತಲೇ ಇರುತ್ತದೆ. ಒಳಗಿನ ಒತ್ತಡ ಇಳಿಯಲು ಸಮಯ ಬೇಕು.

ಇದನ್ನು ಮನೆಯಲ್ಲೇ ನೋಡಬಹುದು. ಬಕೆಟ್‌ನಲ್ಲಿ ಮುಕ್ಕಾಲು ಭಾಗ ಮರಳು ತುಂಬಿ, ಮರಳಿನ ಮೇಲ್ಮೈಗಿಂತ ಸ್ವಲ್ಪ ಕೆಳಗಿನವರೆಗೆ ನೀರು ಹಾಕಿ. ಮೇಲೆ ಒಂದು ಕಲ್ಲು ಇಡಿ. ಈಗ ಬಕೆಟ್‌ನ ಪಕ್ಕವನ್ನು ಕೈಯಿಂದ ಪಟಪಟ ತಟ್ಟುತ್ತಾ ಹೋಗಿ. ಒಣಗಿದಂತೆ ಕಾಣುತ್ತಿದ್ದ ಮೇಲ್ಮೈಯಲ್ಲಿ ನೀರು ಮೂಡುತ್ತದೆ, ಕಲ್ಲು ವಾಲಿ ಮುಳುಗತೊಡಗುತ್ತದೆ. 1964ರಲ್ಲಿ ಜಪಾನಿನ ನೀಗಾಟಾದಲ್ಲಿ ಬಹುಮಹಡಿ ಕಟ್ಟಡಗಳು ಒಡೆಯದೆ ಇಡಿಯಾಗಿ ವಾಲಿ ಮಲಗಿದ್ದು ಇದೇ ಕಾರಣಕ್ಕೆ. ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ 2011ರ ಫೆಬ್ರುವರಿಯ ಭೂಕಂಪದ ನಂತರ ರಸ್ತೆ, ಅಂಗಳಗಳಲ್ಲಿ ಉಕ್ಕಿ ನಿಂತ ಕೆಸರನ್ನು ತೆಗೆದಾಗ ಅದು ಲಕ್ಷಾಂತರ ಟನ್ ತೂಗಿತು.

ನಮ್ಮ ದೇಶದಲ್ಲಿ ಆಗಿದೆಯೇ?

ಆಗಿದೆ, ಹಲವು ಸಲ. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳವನ್ನು ನಡುಗಿಸಿದ, ಸುಮಾರು 8ರ ತೀವ್ರತೆಯ ಭೂಕಂಪದಲ್ಲಿ ಗಂಗಾ ಬಯಲಿನ ಹೊಲಗಳಲ್ಲಿ ನೀರು ಮತ್ತು ಮರಳು ಉಕ್ಕಿತು. ಬಾವಿಗಳು ಮರಳಿನಿಂದ ಮುಚ್ಚಿಹೋದವು, ಬೆಳೆ ಬೆಳೆಯುವ ಭೂಮಿ ಮರಳುಗಾಡಿನಂತಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ಮಹಾತ್ಮ ಗಾಂಧಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಅಸ್ಪೃಶ್ಯತೆಯನ್ನು ಅವರಷ್ಟೇ ವಿರೋಧಿಸುತ್ತಿದ್ದ ರವೀಂದ್ರನಾಥ ಟ್ಯಾಗೋರರು ಆ ಮಾತನ್ನು ಒಪ್ಪಲಿಲ್ಲ. ಪ್ರಕೃತಿಯ ವಿಕೋಪಕ್ಕೆ ಪ್ರಕೃತಿಯಲ್ಲೇ ಕಾರಣ ಹುಡುಕಬೇಕು ಎಂಬುದು ಅವರ ವಾದ. ವಾಟ್ಸಾಪ್ ಇಲ್ಲದ ಕಾಲದಲ್ಲೂ ‘ಇದು ಯಾಕಾಯಿತು’ ಎಂಬ ಜಗಳ ಇತ್ತು!

ನಮಗೆ ಹೆಚ್ಚು ನೆನಪಿರುವುದು 2001ರ ಜನವರಿ 26, ಗಣರಾಜ್ಯೋತ್ಸವದ ಬೆಳಗ್ಗೆ 8.46ಕ್ಕೆ ಗುಜರಾತಿನ ಕಛ್‌ನಲ್ಲಿ ಆದ 7.7 ತೀವ್ರತೆಯ ಭೂಕಂಪ. ಭುಜ್, ಭಚಾವು, ಅಂಜಾರ್ ನೆಲಕಚ್ಚಿದವು. ಅದೇ ಹೊತ್ತಿಗೆ ರಣ್ ಪ್ರದೇಶದಲ್ಲಿ ಸಾವಿರಾರು ಚದರ ಕಿಲೋಮೀಟರ್ ಉದ್ದಗಲಕ್ಕೆ ನೆಲದಿಂದ ನೀರು ಉಕ್ಕಿತು. ಒಣಗಿದ್ದ ಹಳ್ಳಗಳಲ್ಲಿ ನೀರು ಕಾಣಿಸಿದ್ದು ಉಪಗ್ರಹದ ಚಿತ್ರಗಳಲ್ಲೂ ದಾಖಲಾಯಿತು. ‘ಗುಪ್ತಗಾಮಿನಿ ಸರಸ್ವತಿ ಮತ್ತೆ ಹರಿದಳು’ ಎಂಬ ಸುದ್ದಿ ಹಬ್ಬಿದ್ದು ಆಗಲೇ.

ರಣ್ ಎಂದರೆ ಉಪ್ಪಿನ ಬಯಲು. ಮೇಲೆ ಒಣಗಿದಂತೆ ಕಂಡರೂ ಕೆಲವೇ ಅಡಿ ಕೆಳಗೆ ನೀರು ತುಂಬಿದ ಹೂಳು ಮತ್ತು ಮರಳು ಇರುತ್ತದೆ. ನಾವು ಮೇಲೆ ಹೇಳಿದ ಮೂರೂ ಷರತ್ತು ಅಲ್ಲಿ ಪೂರೈಸಿದ್ದವು. ಹೊಸ ನದಿಯೇನೂ ಹುಟ್ಟಲಿಲ್ಲ. ಅಲ್ಲೇ ಮರಳಿನ ನಡುವೆ ಇದ್ದ ನೀರು ಹೊರಬಿತ್ತು, ಒತ್ತಡ ಇಳಿದ ಮೇಲೆ ನಿಂತಿತು.

2025ರ ಮಾರ್ಚ್ 28ರಂದು ಮ್ಯಾನ್ಮಾರ್‌ನಲ್ಲಿ 7.7 ತೀವ್ರತೆಯ ಭೂಕಂಪವಾದಾಗಲೂ ಐರಾವತಿ ನದಿಯ ಬಯಲಿನಲ್ಲಿ ಇದೇ ನಡೆಯಿತು. ಆದ್ದರಿಂದ ಇಂಥ ವಿಡಿಯೊ ಕಂಡ ತಕ್ಷಣ ‘ಸುಳ್ಳು’ ಎನ್ನಬೇಕಾಗಿಲ್ಲ. ವಿಡಿಯೊ ನಿಜವಿರಬಹುದು. ಅದರ ಜೊತೆ ಬರೆದಿರುವ ಊರು, ದಿನಾಂಕ ಮತ್ತು ಕಾರಣ ನಿಜವೇ ಎಂಬುದನ್ನು ನೋಡಬೇಕು.

ಮರಳಿಲ್ಲದ ಕಲ್ಲು ನೆಲದಲ್ಲಿ?

ಬಂಡೆಯ ನೆಲದಲ್ಲೂ ಭೂಕಂಪ ನೀರನ್ನು ಕದಲಿಸುತ್ತದೆ. ಆದರೆ ದಾರಿ ಬೇರೆ. ಬಂಡೆಯೊಳಗಿನ ಬಿರುಕುಗಳಲ್ಲಿ ನೀರು ಇರುತ್ತದೆ. ಭೂಕಂಪದಲ್ಲಿ ಬಂಡೆ ಒಂದು ಕಡೆ ಅದುಮಿಕೊಂಡರೆ, ಒದ್ದೆ ಸ್ಪಾಂಜ್ ಹಿಂಡಿದ ಹಾಗೆ, ನೀರು ಹೊರಬರುತ್ತದೆ. ಕಟ್ಟಿಕೊಂಡಿದ್ದ ಬಿರುಕುಗಳು ನಡುಕಕ್ಕೆ ತೆರೆದುಕೊಂಡರೂ ನೀರಿಗೆ ಹೊಸ ದಾರಿ ಸಿಗುತ್ತದೆ. ಅಮೆರಿಕದ ಇಡಾಹೊದಲ್ಲಿ 1983ರ ಅಕ್ಟೋಬರ್ 28ರ ಬೋರಾ ಪೀಕ್ ಭೂಕಂಪದ ನಂತರ ನೆಲದಿಂದ ಹಲವು ಅಡಿ ಎತ್ತರಕ್ಕೆ ನೀರು ಚಿಮ್ಮಿ ಗುಂಡಿಗಳೇ ಬಿದ್ದವು. ಕ್ಯಾಲಿಫೋರ್ನಿಯಾದ ನಾಪಾದಲ್ಲಿ 2014ರ ಆಗಸ್ಟ್‌ನಲ್ಲಿ ಭೂಕಂಪವಾದಾಗ ಅಲ್ಲಿ ಭಾರೀ ಬರಗಾಲ. ಒಣಗಿದ್ದ ತೊರೆಗಳು ಭೂಕಂಪದ ನಂತರ ಹರಿಯತೊಡಗಿದವು. ಜನರಿಗೆ ಸಂತೋಷವಾಯಿತು. ಆದರೆ ಅದು ಆಕಾಶದಿಂದ ಬಂದ ಹೊಸ ನೀರಲ್ಲ. ಸುತ್ತಲಿನ ಗುಡ್ಡಗಳು ಕೂಡಿಟ್ಟುಕೊಂಡಿದ್ದ ನೀರು ಬೇಗ ಸೋರಿಹೋಯಿತು, ಅಷ್ಟೇ. ಉಳಿತಾಯ ಖಾತೆಯಿಂದ ಹಣ ತೆಗೆದರೆ ಅದನ್ನು ಸಂಬಳ ಬಂತು ಎನ್ನುತ್ತೇವೆಯೇ?

ದೂರದ ಭೂಕಂಪದ ಅಲೆಗಳೂ ಬಾವಿಗಳಿಗೆ ತಿಳಿಯುತ್ತವೆ. 2004ರ ಡಿಸೆಂಬರ್ 26ರ ಸುಮಾತ್ರಾ ಭೂಕಂಪದಿಂದ ಭೂಮಿಯ ಇನ್ನೊಂದು ಬದಿಯಲ್ಲಿರುವ ಅಮೆರಿಕದ ವರ್ಜೀನಿಯಾದ ಒಂದು ಬಾವಿಯಲ್ಲಿ ನೀರು ಸುಮಾರು ಮೂರು ಅಡಿ ಏರಿಳಿಯಿತು. ನಮ್ಮ ಕೃಷ್ಣೆಯನ್ನು ಸೇರುವ ಕೊಯ್ನಾ ನದಿಯ ಅಣೆಕಟ್ಟಿನ ಸುತ್ತ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಬೋರ್‌ವೆಲ್‌ಗಳನ್ನು ಕೊರೆದು ನೀರಿನ ಮಟ್ಟ ಅಳೆದಿದೆ. ಅಲ್ಲಿ 4ಕ್ಕಿಂತ ಹೆಚ್ಚಿನ ತೀವ್ರತೆಯ ಕಂಪನವಾದಾಗ ಕೆಲವು ಸೆಂಟಿಮೀಟರ್‌ನಷ್ಟು ಬದಲಾವಣೆ ಕಂಡಿದೆ. ಕೆಲವು ಸೆಂಟಿಮೀಟರ್ ಎಂದರೆ ಉಪಕರಣಕ್ಕೆ ತಿಳಿಯುತ್ತದೆ, ಮನೆಯ ಮೋಟರಿಗೆ ಗೊತ್ತೂ ಆಗುವುದಿಲ್ಲ.

ಬೆಂಗಳೂರಿನ ನೆಲ ಎಂಥದ್ದು?

ಲಾಲ್‌ಬಾಗ್‌ನ ಬಂಡೆಯ ಮೇಲೆ ನಿಂತವರೆಲ್ಲ ಬೆಂಗಳೂರಿನ ತಳಪಾಯವನ್ನು ನೋಡಿದ್ದೀರಿ. ಸುಮಾರು 300 ಕೋಟಿ ವರ್ಷ ಹಳೆಯದಾದ ನೈಸ್ ಎಂಬ ಆ ಶಿಲೆಯೇ ಯಲಹಂಕ, ಹೆಬ್ಬಾಳ, ಯಶವಂತಪುರದ ಕೆಳಗೂ ಇದೆ. ಅದರ ಮೇಲೆ ಕೆಂಪು ಮಣ್ಣು ಮತ್ತು ಶಿಥಿಲವಾದ ಕಲ್ಲಿನ ಹೊದಿಕೆ. ಇಲ್ಲಿ ಅಂತರ್ಜಲ ಇರುವುದು ಆ ಹೊದಿಕೆಯಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಅದಕ್ಕೇ ಒಂದು ಸೈಟಿನಲ್ಲಿ ಎರಡು ಇಂಚು ನೀರು ಸಿಕ್ಕರೆ ಪಕ್ಕದ ಸೈಟಿನಲ್ಲಿ ಸಾವಿರ ಅಡಿ ಕೊರೆದರೂ ಬರೀ ದೂಳು ಬರುತ್ತದೆ. ಬೋರ್‌ವೆಲ್‌ಗೆ ಆ ಬಿರುಕು ಸಿಗಬೇಕು.

ಅಂದರೆ ಅಂಬಲಿಯಾಗಲು ಬೇಕಾದ ಸಡಿಲ ಮರಳಿನ ಪದರ ನಮ್ಮಲ್ಲಿ ಬಹುತೇಕ ಕಡೆ ಇಲ್ಲ. ಇನ್ನು ಜೋರಾದ ನಡುಕ? 2016ರ ಭಾರತೀಯ ಮಾನಕದ ಭೂಕಂಪ ನಕ್ಷೆಯಲ್ಲಿ ಬೆಂಗಳೂರು ವಲಯ 2ರಲ್ಲಿದೆ, ಅಂದರೆ ಅಪಾಯ ಕಡಿಮೆ ಇರುವ ವಲಯ. ಕಡಿಮೆ ಎಂದರೆ ಸೊನ್ನೆಯಲ್ಲ. 2001ರ ಜನವರಿ 29ರಂದು, ಭುಜ್ ಭೂಕಂಪವಾದ ಮೂರೇ ದಿನಕ್ಕೆ, ಮಂಡ್ಯದ ಕಡೆ 4.3 ತೀವ್ರತೆಯ ಕಂಪನವಾಗಿ ಬೆಂಗಳೂರಿಗೂ ಅನುಭವವಾಗಿತ್ತು.

ಆದರೆ ನಗರದ ಎಲ್ಲ ನೆಲವೂ ಒಂದೇ ಅಲ್ಲ. ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆ ಮುಚ್ಚಿ ಮಣ್ಣು ತುಂಬಿದ ಕಡೆ ಹೂಳು ಸಡಿಲವಾಗಿರುತ್ತದೆ, ನೀರೂ ಮೇಲೆಯೇ ಇರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ಜಿ. ಸೀತಾರಾಂ ಮತ್ತು ಪಿ. ಅನ್ಬಳಗನ್ ಅವರು ಬೆಂಗಳೂರಿನ ಮಣ್ಣನ್ನು ಪರೀಕ್ಷಿಸಿ ಮಾಡಿದ ಅಧ್ಯಯನದಲ್ಲೂ ಇದೇ ಚಿತ್ರ ಕಾಣುತ್ತದೆ: ನಗರದ ಬಹುಭಾಗದಲ್ಲಿ ದ್ರವೀಕರಣದ ಅಪಾಯ ಕಡಿಮೆ, ಸಡಿಲ ಮಣ್ಣಿರುವ ಕೆಲವು ಜಾಗಗಳಲ್ಲಿ ಎಚ್ಚರಿಕೆ ಬೇಕು. ಸೈಟು ಅಥವಾ ಫ್ಲ್ಯಾಟ್ ಕೊಳ್ಳುವವರು ‘ಇಲ್ಲಿ ಮೊದಲು ಕೆರೆ ಇತ್ತೇ? ಮಣ್ಣಿನ ಪರೀಕ್ಷೆ ಆಗಿದೆಯೇ?’ ಎಂದು ಕೇಳಬೇಕು. ಮಳೆಗಾಲದಲ್ಲಿ ಮನೆಯೊಳಗೆ ನೀರು ನುಗ್ಗುತ್ತದೆಯೇ ಎಂಬುದಕ್ಕೂ ಇದೇ ಪ್ರಶ್ನೆ ಉತ್ತರ ಕೊಡುತ್ತದೆ.

ಚಿಕ್ಕಬಳ್ಳಾಪುರದಲ್ಲಿ ನಡುಗಿದ್ದು?

2021ರ ಡಿಸೆಂಬರ್ 22ರ ಬೆಳಗ್ಗೆ ಏಳು ಗಂಟೆ ದಾಟುತ್ತಿದ್ದಂತೆ ಬೆಂಗಳೂರಿನ ಉತ್ತರಕ್ಕಿರುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಐದು ನಿಮಿಷದ ಅಂತರದಲ್ಲಿ ಎರಡು ಕಂಪನಗಳಾದವು. ತೀವ್ರತೆ 2.9 ಮತ್ತು 3.0. ಅದಕ್ಕೂ ಮುಂಚಿನ ನವೆಂಬರ್‌ನಲ್ಲಿ ವಿಪರೀತ ಮಳೆ. ಯಲಹಂಕದ ಅಪಾರ್ಟ್‌ಮೆಂಟ್ ಒಂದರಿಂದ ಜನರನ್ನು ದೋಣಿಯಲ್ಲಿ ಕರೆತಂದದ್ದು ನಿಮಗೆ ನೆನಪಿರಬಹುದು. ಹಾಗಾಗಿ ಸಹಜವಾಗಿಯೇ ಪ್ರಶ್ನೆ ಎದ್ದಿತು: ಮಳೆಗೂ ನಡುಕಕ್ಕೂ ಸಂಬಂಧ ಇದೆಯೇ?

ಇರಬಹುದು. ಆದರೆ ಇಲ್ಲಿ ಕತೆ ತಿರುಗುಮುರುಗು. ಭೂಕಂಪ ನೀರನ್ನು ಮೇಲೆ ತಳ್ಳುವ ಬದಲು, ನೀರೇ ಸಣ್ಣ ಕಂಪನಕ್ಕೆ ನೆಪವಾಗುತ್ತದೆ. ಹೆಚ್ಚು ಮಳೆಯಾದಾಗ ಬಂಡೆಯ ಬಿರುಕುಗಳಲ್ಲಿ ನೀರು ಇಳಿದು ಒತ್ತಡ ಏರುತ್ತದೆ. ಮೊದಲೇ ಬಿಗಿದುಕೊಂಡಿದ್ದ ಬಿರುಕಿನ ಎರಡು ಬದಿಗಳ ನಡುವಿನ ಹಿಡಿತ ಸ್ವಲ್ಪ ಸಡಿಲವಾಗಿ ಅವು ಚೂರು ಜಾರುತ್ತವೆ. ಇದಕ್ಕೆ ‘ಹೈಡ್ರೋಸೀಸ್ಮಿಸಿಟಿ’ ಎಂದು ಹೆಸರು. ಅದೇ ವರ್ಷ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ಶಬ್ದ ಮತ್ತು ಕಂಪನಗಳಿಂದ ಜನ ಹೆದರಿದಾಗಲೂ ತಜ್ಞರು ಮುಂದಿಟ್ಟ ವಿವರಣೆಗಳಲ್ಲಿ ಇದೂ ಒಂದು.

ಇಂಥ ಕಂಪನ ನೆಲ ಸೀಳಿ ನೀರು ಚಿಮ್ಮಿಸಬಲ್ಲದೇ? ಲೆಕ್ಕ ನೋಡಿ. ತೀವ್ರತೆಯ ಅಂಕಿ ಒಂದು ಹೆಚ್ಚಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. 3.0ಕ್ಕೆ ಹೋಲಿಸಿದರೆ ಭುಜ್‌ನ 7.7ರಲ್ಲಿ ಹೊರಬಿದ್ದ ಶಕ್ತಿ ಸುಮಾರು ಒಂದು ಕೋಟಿ ಪಟ್ಟು. ಪಾತ್ರೆ ಗಡಗಡ ಎನ್ನುವುದಕ್ಕೂ ರಣ್‌ನಲ್ಲಿ ನೀರು ಉಕ್ಕುವುದಕ್ಕೂ ಇರುವ ದೂರ ಅಷ್ಟು.

ಹಾಗಾದರೆ ನಮ್ಮ ಬೀದಿಯಲ್ಲಿ ಉಕ್ಕುತ್ತಿರುವುದು ಏನು?

*ಕಾವೇರಿ ಪೈಪ್.* ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ನೂರಾರು ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುವ ನೀರಿದು. ದೊಡ್ಡ ಕೊಳವೆ ಒಡೆದರೆ ಕಾರಂಜಿಯಂತೆ ಮೇಲೇರುತ್ತದೆ. ಸಣ್ಣ ಕೊಳವೆ ಸೋರಿದರೆ ಡಾಂಬರಿನ ಬಿರುಕಿನಿಂದ ಮೆಲ್ಲಗೆ ಜಿನುಗುತ್ತದೆ. ನೀರು ಬಿಡುವ ದಿನ ಮಾತ್ರ ಬರುತ್ತದೆ, ತಿಳಿಯಾಗಿದೆ, ಕ್ಲೋರಿನ್ ವಾಸನೆ ಇದೆ ಎಂದರೆ ಬಹುಪಾಲು ಇದೇ. ಜಲಮಂಡಳಿಯ ಸಹಾಯವಾಣಿ 1916ಕ್ಕೆ ಕರೆ ಮಾಡಿ.

*ಒಳಚರಂಡಿ.* ಮಳೆ ಬಂದಾಗ ಮ್ಯಾನ್‌ಹೋಲ್ ಸುತ್ತ ಉಕ್ಕುವ ಕಪ್ಪು ನೀರು. ವಾಸನೆಯೇ ಹೇಳುತ್ತದೆ.

*ಬೋರ್‌ವೆಲ್ ರಿಗ್.* ಕೊರೆಯುವಾಗ ಕಂಪ್ರೆಸರ್ ಗಾಳಿ ತಳ್ಳುವುದರಿಂದ ಕೆಸರು ನೀರು ಎತ್ತರಕ್ಕೆ ಚಿಮ್ಮುತ್ತದೆ. ಎರಡು ಬೋರ್‌ವೆಲ್‌ಗಳಿಗೆ ಒಂದೇ ಬಿರುಕು ಸಿಕ್ಕಿದ್ದರೆ, ಇಲ್ಲಿ ಕೊರೆದಾಗ ಆ ಗಾಳಿಗೆ ಪಕ್ಕದ ಮನೆಯ ಹಳೆಯ ಬೋರ್‌ವೆಲ್‌ನಿಂದ ನೀರು ಉಕ್ಕಬಹುದು. ನೋಡಿದವರು ಪವಾಡ ಎಂದುಕೊಳ್ಳುತ್ತಾರೆ.

*ತುಂಬಿದ ಅಂತರ್ಜಲ.* ಒಳ್ಳೆಯ ಮಳೆಯ ವರ್ಷ, ಅಥವಾ ಹತ್ತಿರದ ಕೆರೆ ತುಂಬಿದಾಗ, ತಗ್ಗಿನಲ್ಲಿರುವ ಬೋರ್‌ವೆಲ್‌ನಿಂದ ಮೋಟರ್ ಇಲ್ಲದೆಯೇ ನೀರು ಹರಿಯುವುದುಂಟು. ಬೇಸ್‌ಮೆಂಟಿನ ಗೋಡೆಯಿಂದ ನೀರು ಜಿನುಗುವುದೂ ಹೀಗೆಯೇ. ಮೇಲ್ಭಾಗದ ನೀರಿನ ಒತ್ತಡವೇ ಇದಕ್ಕೆ ಸಾಕು.

ಯಾವುದೇ ಕಾರಣವಿರಲಿ, ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇವೆ: ನೆಲದಿಂದ ಹೀಗೆ ಉಕ್ಕಿದ ನೀರನ್ನು ತೀರ್ಥವೆಂದು ಕುಡಿಯಬೇಡಿ, ಮಕ್ಕಳಿಗೆ ಕುಡಿಸಬೇಡಿ. ನಗರದಲ್ಲಿ ಕುಡಿಯುವ ನೀರಿನ ಕೊಳವೆಯೂ ಒಳಚರಂಡಿಯೂ ಹತ್ತಿರ ಹತ್ತಿರವೇ ಇರುತ್ತವೆ. ತಿಳಿಯಾಗಿ ಕಂಡ ನೀರಿನಲ್ಲೂ ವಾಂತಿ ಭೇದಿ, ಟೈಫಾಯ್ಡ್, ಕಾಮಾಲೆ ತರುವ ಸೂಕ್ಷ್ಮಜೀವಿಗಳಿರಬಹುದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್‌ಗಾಗಿ ಕಾದದ್ದನ್ನು ಮರೆತಿಲ್ಲದ ಊರಿಗೆ ‘ಭೂಮಿಯೇ ನೀರು ಕೊಟ್ಟಿತು’ ಎಂಬ ಸುದ್ದಿ ಸಿಹಿಯಾಗಿ ಕೇಳುತ್ತದೆ. ಅದು ಸೋರುತ್ತಿರುವ ಕಾವೇರಿಯಾಗಿದ್ದರೆ, ನಾವು ವಿಡಿಯೊ ಮಾಡುತ್ತಾ ನಿಂತಷ್ಟು ಹೊತ್ತೂ ಯಾರದೋ ಮನೆಯ ಸಂಪು ಖಾಲಿಯೇ ಇರುತ್ತದೆ.

ಬಾವಿ ನೀರು ನೋಡಿ ಭೂಕಂಪವನ್ನು ಮೊದಲೇ ಹೇಳಬಹುದೇ?

ಈ ಫಾರ್ವರ್ಡ್ ಕೂಡ ಆಗಾಗ ಬರುತ್ತದೆ. 1975ರಲ್ಲಿ ಚೀನಾದ ಹೈಚೆಂಗ್‌ನಲ್ಲಿ ಬಾವಿ ನೀರಿನ ಬದಲಾವಣೆ, ಮುನ್ನ ಬಂದ ಸಣ್ಣ ಕಂಪನಗಳು ಮುಂತಾದ ಸೂಚನೆ ನೋಡಿ ಜನರನ್ನು ಮನೆಯಿಂದ ಹೊರಗೆ ಕಳುಹಿಸಿದ್ದು ನಿಜ. ಆದರೆ ಮರುವರ್ಷವೇ, 1976ರ ಜುಲೈ 28ರಂದು, ತಾಂಗ್‌ಶಾನ್‌ನಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಭೂಕಂಪವಾಗಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಬಾವಿಯ ನೀರು ಮಳೆ, ಪಂಪಿಂಗ್, ವಾಯುಭಾರ ಹೀಗೆ ಹತ್ತು ಕಾರಣಕ್ಕೆ ಏರಿಳಿಯುತ್ತದೆ. ಇಂದಿಗೂ ‘ಇಂಥ ದಿನ, ಇಂಥ ಊರಿನಲ್ಲಿ ಭೂಕಂಪ’ ಎಂದು ಯಾರೂ ನಿಖರವಾಗಿ ಹೇಳಲಾರರು. ಹಾಗೆ ದಿನಾಂಕ ಹಾಕಿ ಬಂದ ಸಂದೇಶ ಸುಳ್ಳು ಎಂದು ಧೈರ್ಯವಾಗಿ ಹೇಳಬಹುದು.

ನಮ್ಮ ಕೈಯಲ್ಲಿರುವುದು ಗಟ್ಟಿ ಮನೆ ಕಟ್ಟುವುದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಬೀದರ್, ಕಲಬುರಗಿಯ ಗಡಿಯಾಚೆ ಕಿಲ್ಲಾರಿಯಲ್ಲಿ ಸಾವಿರಾರು ಜನ ಸತ್ತದ್ದು ಬಹುಪಾಲು ಮಲಗಿದ್ದವರ ಮೇಲೆ ಕಲ್ಲು ಮಣ್ಣಿನ ಭಾರದ ಗೋಡೆ, ಮಾಳಿಗೆ ಕುಸಿದು.

ಫಾರ್ವರ್ಡ್ ಮಾಡುವ ಮುನ್ನ

1. ಭೂಕಂಪ ಆಗಿದೆಯೇ ನೋಡಿ. ರಾಷ್ಟ್ರೀಯ ಭೂಕಂಪನ ಕೇಂದ್ರದ ವೆಬ್‌ಸೈಟ್ ಮತ್ತು ‘ಭೂಕಂಪ್’ ಆ್ಯಪ್‌ನಲ್ಲಿ ಸಮಯ, ಸ್ಥಳ, ತೀವ್ರತೆ ಇರುತ್ತದೆ. ನಮ್ಮ ರಾಜ್ಯದ ಕಂಪನಗಳನ್ನು ಗಮನಿಸುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇರುವುದು ಯಲಹಂಕದಲ್ಲೇ. ಇನ್ನೂ ಉತ್ತರಕ್ಕೆ ಹೋದರೆ, ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನ ಮಾಪಕಗಳು 1965ರಿಂದ ಕಿವಿಗೊಟ್ಟು ಕೂತಿವೆ. ದೂರದ ದೇಶಗಳ ಅಣು ಪರೀಕ್ಷೆಯನ್ನೇ ಗುರುತಿಸಬಲ್ಲ ಉಪಕರಣಗಳಿಗೆ ಹೆಬ್ಬಾಳದಲ್ಲಿ ನೆಲ ಸೀಳುವಷ್ಟು ನಡುಕ ತಪ್ಪಿಹೋಗುವುದಿಲ್ಲ. 2020ರ ಮೇ 20ರಂದು ನಗರವೆಲ್ಲ ಭಾರೀ ಶಬ್ದ ಕೇಳಿ ‘ಭೂಕಂಪ’ ಎಂದುಕೊಂಡಾಗ ಮಾಪಕಗಳಲ್ಲಿ ಏನೂ ದಾಖಲಾಗಿರಲಿಲ್ಲ. ಅದು ವಾಯುಪಡೆಯ ವಿಮಾನದ ಪರೀಕ್ಷಾ ಹಾರಾಟದ ಸದ್ದು ಎಂದು ಆಮೇಲೆ ರಕ್ಷಣಾ ಇಲಾಖೆ ತಿಳಿಸಿತು.
2. ವಿಡಿಯೊದಲ್ಲಿ ಮರಳಿನ ಗುಪ್ಪೆ ಇದೆಯೇ, ಬಯಲು ನೆಲವೇ, ಜನರ ಭಾಷೆ ಯಾವುದು, ಅಂಗಡಿ ಬೋರ್ಡುಗಳು ಯಾವ ಲಿಪಿಯಲ್ಲಿವೆ ಎಂದು ಗಮನಿಸಿ.
3. ನಿಮ್ಮ ಬೀದಿಯಲ್ಲೇ ಉಕ್ಕುತ್ತಿದ್ದರೆ ಗ್ರೂಪಿಗಿಂತ ಮೊದಲು 1916.
4. ನಿಜವಾಗಿ ನೆಲ ನಡುಗಿ ನೀರು ಬಂದರೆ, ಹತ್ತಿರ ಹೋಗಬೇಡಿ. ಮೇಲೆ ಗಟ್ಟಿ ಕಂಡರೂ ಕೆಳಗೆ ಪೊಳ್ಳಾಗಿರಬಹುದು. ವಾಲಿದ ಗೋಡೆ, ವಿದ್ಯುತ್ ಕಂಬಗಳಿಂದಲೂ ದೂರವಿರಿ.

ಭೂಕಂಪದಿಂದ ನೀರು ಉಕ್ಕುವುದು ಕಟ್ಟುಕತೆಯಲ್ಲ, ಪವಾಡವೂ ಅಲ್ಲ. ಸೇರಿನಲ್ಲಿ ರಾಗಿ ಕುಲುಕಿದಷ್ಟೇ ಸರಳವಾದ ವಿಷಯ. ಮುಂದಿನ ಸಲ ಅಂಥ ವಿಡಿಯೊ ಬಂದಾಗ ಕಳುಹಿಸಿದವರಿಗೆ ‘ಎಲ್ಲಿಯದು? ಯಾವಾಗಿನದು? ಅಲ್ಲಿ ಮರಳು ನೆಲವೇ?’ ಎಂದು ಮೂರು ಪ್ರಶ್ನೆ ಕೇಳಿ. ಉತ್ತರ ಸಿಗದಿದ್ದರೆ ಫಾರ್ವರ್ಡ್ ಅಲ್ಲಿಗೇ ನಿಲ್ಲಲಿ.